ಮಾವನವರ ಪಿಕಪ್ಪು

ಕಳೆದ ವರ್ಷ ನಮ್ಮ ಮನೆಯಲ್ಲಿ ಒಂದು ಇಂಜಿನ್ನಿನ ವಿಷಯಕ್ಕೆ ಮಾತು ನಿಂತುಹೋಯಿತು. ಆಸ್ತಿಗಾಗಿ, ಒಡವೆಗಾಗಿ ಮಾತು ಬಿಟ್ಟವರನ್ನು ನೀವೂ ಕಂಡಿರುತ್ತೀರಿ, ನಾನೂ ಕಂಡಿದ್ದೇನೆ. ಇಂಜಿನ್ನಿಗಾಗಿ ಅತ್ತಿಗೆ ಮೈದುನ ಎರಡು ತಿಂಗಳು ಮುಖ ತಿರುಗಿಸಿಕೊಂಡು ಓಡಾಡಿದ್ದು ಹಳೇ ಯಲಹಂಕದಲ್ಲಿ ನಮ್ಮ ಮನೆಯೊಂದೇ ಇರಬೇಕು.

ಗಾಡಿ 1994ರದು. ಮಹೀಂದ್ರಾ ಪಿಕಪ್ಪು. ನಮ್ಮ ಮಾವನವರು ಬ್ಯಾಂಕಿನಲ್ಲಿ ಸಾಲ ಮಾಡಿ ಕೊಂಡದ್ದು. ನಾನು ಆ ಮನೆಗೆ ಸೊಸೆಯಾಗಿ ಬಂದದ್ದು ಅದರ ಮರುವರ್ಷ. ಹಾಗಾಗಿ ಅದು ನನಗಿಂತ ಒಂದು ವರ್ಷ ಹಿರಿಯದು, ಆ ಗೌರವವನ್ನು ಕಡೆಯವರೆಗೂ ವಸೂಲು ಮಾಡಿತು ಅನ್ನಿ. ರಾಜಾನುಕುಂಟೆಯ ಹತ್ತಿರ ಎರಡೆಕರೆ ದ್ರಾಕ್ಷಿ ತೋಟವಿತ್ತು. ಬೆಂಗಳೂರು ಬ್ಲೂ ಎನ್ನುವ ಕರಿ ದ್ರಾಕ್ಷಿ; ತಿಂದರೆ ನಾಲಿಗೆ ನೇರಳೆಯಾಗುವಂಥದು. ಇಂದಿನ ಹಾಪ್‌ಕಾಮ್ಸ್ 1959ರಲ್ಲಿ ಹುಟ್ಟಿದ್ದೇ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಎಂದು ಮಾವನವರು ತಾವೇ ಕಟ್ಟಿ ನಿಲ್ಲಿಸಿದವರ ಹಾಗೆ ಹೇಳುತ್ತಿದ್ದರು. ಬೆಳಗಿನ ಜಾವ ನಾಲ್ಕಕ್ಕೆ ಅಂಗಳದಲ್ಲಿ ಗಾಡಿ ಎಬ್ಬಿಸುವುದೇ ಒಂದು ಪೂಜೆ. ಕೀಲಿಯನ್ನು ಅರ್ಧ ತಿರುಗಿಸಿ ಹೀಟರ್ ಹಾಕುವುದು. ಒಂದರಿಂದ ಇಪ್ಪತ್ತರವರೆಗೆ ಗಟ್ಟಿಯಾಗಿ ಎಣಿಸುವುದು. ಆಮೇಲೆ ಸೆಲ್ಫ್ ಹೊಡೆಯುವುದು. ಚಳಿಗಾಲದಲ್ಲಿ ಮೂವತ್ತರವರೆಗೆ. ನನ್ನ ಮಗ ಎಣಿಕೆ ಕಲಿತದ್ದು ಮಗ್ಗಿ ಪುಸ್ತಕದಿಂದಲ್ಲ, ಮಲಗಿದಲ್ಲೇ ತಾತನ ಹೀಟರ್ ಕೇಳಿಸಿಕೊಂಡು.

2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಈ ಕಡೆಯ ತೋಟಗಳಿಗೆ ಏನಾಯಿತೆಂದು ನಾನು ವರ್ಣಿಸಬೇಕಾಗಿಲ್ಲ. ದ್ರಾಕ್ಷಿ ಚಪ್ಪರ ಇದ್ದಲ್ಲಿ ಈಗ ನಲವತ್ತು ಅಡಿ ರಸ್ತೆ, ಸೈಟು ನಂಬರಿನ ಕಲ್ಲು. ತೋಟ ಹೋಯಿತು, ಮಾವನವರು ಹೋದರು, ಗಾಡಿ ಉಳಿಯಿತು. ಅದು ನಮ್ಮ ಯಜಮಾನರ ಹೆಸರಿಗೆ ಬಂತು, 2019ರಲ್ಲಿ ಅವರು ತೀರಿಕೊಂಡ ಮೇಲೆ ನನ್ನ ಹೆಸರಿಗೆ. ಸೈಕಲ್ ಕೂಡ ಸರಿಯಾಗಿ ತುಳಿಯಲು ಬಾರದ ನಾನು ಗೂಡ್ಸ್ ಗಾಡಿಯ ಒಡತಿ! ಓಡಿಸುತ್ತಿದ್ದವನು, ದುಡಿಯುತ್ತಿದ್ದವನು ಮೈದುನ. ದೊಡ್ಡಬಳ್ಳಾಪುರದ ಕಡೆಯಿಂದ ಹೂವು ತರಕಾರಿ ಏರಿಸಿಕೊಂಡು ರಾತ್ರಿಯೇ ಹೊರಟು ಯಶವಂತಪುರ ಮುಟ್ಟಿಸುವುದು ಅವನ ಕಸುಬು.

ಮೂವತ್ತು ವರ್ಷದ ಇಂಜಿನ್ನು ಬೋರಿಗೆ ಬಂದಿತ್ತು. ಹಾಗೆಂದರೇನು ಎಂದು ನಾನೂ ಈ ಜಗಳದಲ್ಲೇ ಕಲಿತೆ. ಒಳಗೆ ಪಿಸ್ಟನ್ ಓಡಾಡುವ ಉರುಳೆ ಸವೆದು ಸವೆದು ದೊಡ್ಡದಾಗುತ್ತದೆ. ರಿಂಗುಗಳು ಸಡಿಲವಾಗುತ್ತವೆ. ಕೆಳಗಿನ ಆಯಿಲ್ ಮೇಲಕ್ಕೆ ಏರಿ ಡೀಸೆಲ್ಲಿನ ಜೊತೆ ಸುಡುತ್ತದೆ. ಹೊಗೆ ನೀಲಿಯಾಗುತ್ತದೆ. ಡೀಸೆಲ್ಲು ಕುಡಿಯಬೇಕಾದ ಗಾಡಿ ಆಯಿಲ್ ಕುಡಿಯತೊಡಗುತ್ತದೆ. ಏರಿನಲ್ಲಿ ಉಸಿರು ಕಟ್ಟುತ್ತದೆ. ಐವತ್ತು ದಾಟಿದ ನನಗೆ ಈ ಲಕ್ಷಣಗಳನ್ನು ಕೇಳುತ್ತಿದ್ದಾಗ ಸ್ವಲ್ಪ ಮುಜುಗರವೇ ಆಯಿತು. ಎದುರು ಮನೆಯವರು ಕಿಟಕಿ ಮುಚ್ಚತೊಡಗಿದರು. ಹೊಗೆ ಪರೀಕ್ಷೆಯ ಚೀಟಿ ಸಿಗಲಿಲ್ಲ. ಅದಿಲ್ಲದೆ ವರ್ಷ ವರ್ಷ ಮಾಡಿಸಬೇಕಾದ ಎಫ್.ಸಿ. ಇಲ್ಲ, ಎಫ್.ಸಿ. ಇಲ್ಲದೆ ಬಾಡಿಗೆ ಇಲ್ಲ.

ಮೈದುನ ಒಂದು ದಾರಿ ಹುಡುಕಿಕೊಂಡು ಬಂದ. ಅದೇ ಕಂಪನಿಯ ಹೊಸ ಕಾಲದ ಪಿಕಪ್ಪಿನ ಇಂಜಿನ್ನು. ಹಿಂದಿನಿಂದ ಗುದ್ದಿಸಿಕೊಂಡು ಗುಜರಿಗೆ ಬಿದ್ದ ಗಾಡಿಯದು, ಮುಂಭಾಗ ಚೆನ್ನಾಗಿದೆ. ಹಳೆಯದರ ಹಾಗೆ ಪಂಪಿನ ಒತ್ತಡಕ್ಕೆ ಸಿಕ್ಕಿದಷ್ಟು ಡೀಸೆಲ್ ಚಿಮ್ಮಿಸುವುದಲ್ಲ. ಒಂದೇ ಕೊಳವೆಯಲ್ಲಿ ಬಲವಾದ ಒತ್ತಡದಲ್ಲಿ ಡೀಸೆಲ್ ಇಟ್ಟುಕೊಂಡು, ಯಾವ ಕ್ಷಣ ಎಷ್ಟು ಬಿಡಬೇಕೆಂದು ಒಂದು ಪುಟ್ಟ ಕಂಪ್ಯೂಟರು ಲೆಕ್ಕ ಹಾಕುತ್ತದಂತೆ. ಹೊಗೆ ಕಡಿಮೆ, ಮೈಲೇಜ್ ಹೆಚ್ಚು, ಎಳೆತ ಜೋರು. ಕೂಡಿಸುವ ಕೂಲಿಯೂ ಸೇರಿ ಒಂದೂಕಾಲು ಲಕ್ಷ. ಹೊಸ ಗಾಡಿಯ ಸಾಲಕ್ಕೆ ಹೋಲಿಸಿದರೆ ಇದು ಏನೂ ಅಲ್ಲ.

ಯಶವಂತಪುರದ ಗ್ಯಾರೇಜಿಗೆ ನಾನೂ ಹೋದೆ. ಮೇಸ್ತ್ರಿ ನಿಧಾನಸ್ಥರು. ಇಂಜಿನ್ ಕೂರುವ ಕೊಂಡಿಗಳನ್ನು ಹೊಸದಾಗಿ ವೆಲ್ಡ್ ಮಾಡಬೇಕು, ಹಳೆಯ ಗೇರ್ ಬಾಕ್ಸಿಗೆ ಹೊಂದಿಸಲು ನಡುವೆ ಒಂದು ಪ್ಲೇಟ್ ಕಡೆಸಬೇಕು, ವೈರಿಂಗ್ ಪೂರ್ತಿ ಬೇರೆ, ರೇಡಿಯೇಟರ್ ದೊಡ್ಡದು ಬೇಕು ಎಂದು ಬೆರಳು ಮಡಿಸುತ್ತಾ ಹೋದರು. ಕೊನೆಗೆ ನನ್ನ ಕಡೆ ತಿರುಗಿ, "ಓಡೋ ಶಕ್ತಿ ಕೊಡಬಹುದಮ್ಮ, ನಿಲ್ಲೋ ಶಕ್ತಿ? ಬ್ರೇಕು ಅದೇ ಹಳೇದು ತಾನೆ. ಅದನ್ನೂ ಮಾಡಿಸಬೇಕು" ಎಂದರು. "ಮಾಡಿಸೋಣ" ಎಂದ ಮೈದುನ. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು. ನಾನೇ ಕೇಳಿದೆ: "ಆರ್.ಸಿ.ಯಲ್ಲಿ ಹಳೇ ಇಂಜಿನ್ ನಂಬರ್ ಇದೆಯಲ್ಲ?"

ಮೇಸ್ತ್ರಿ ಮಾತಾಡಲಿಲ್ಲ. ಅದು ನಿಮ್ಮ ತಲೆನೋವು ಎನ್ನುವಂತೆ ಕೈ ಒರೆಸಿಕೊಂಡರು. ಇಂಜಿನ್ ಮಾರಲು ಬಂದಿದ್ದವನು ನಕ್ಕ. "ಅದಕ್ಕೂ ಜನ ಇದ್ದಾರೆ ಮೇಡಂ. ಇದರ ನಂಬರ್ ಉಜ್ಜಿ, ನಿಮ್ಮ ಹಳೇ ನಂಬರನ್ನೇ ಪಂಚ್ ಹೊಡೆದು ಕೊಡ್ತಾರೆ. ಬ್ರಹ್ಮನಿಗೂ ಗೊತ್ತಾಗಲ್ಲ."

ಜಗಳ ಹುಟ್ಟಿದ್ದು ಅಲ್ಲಿ.

ಆರ್.ಟಿ.ಓ. ಕಚೇರಿಗೆ ಹೋಗಿ ವಿಚಾರಿಸಿದೆ. ಅಲ್ಲಿನವರೊಬ್ಬರು ತಾಳ್ಮೆಯಿಂದ ಬಿಡಿಸಿ ಹೇಳಿದರು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಿಸಿದ ಕಂಪನಿ ಹೇಳಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ಮಾಲೀಕರು ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿದಿದೆ. ಅದೇ ಬಗೆಯ ಇಂಜಿನ್ನಾದರೆ ಬಿಲ್ಲು ಇಟ್ಟು ಮೊದಲೇ ಅನುಮತಿ ಪಡೆದು ಹಾಕಿಸಬಹುದು, ಹೊಸ ನಂಬರನ್ನು ಆರ್.ಸಿ.ಯಲ್ಲಿ ಬರೆಯುತ್ತಾರೆ. ಬೇರೆ ಬಗೆಯದಾದರೆ ಕಷ್ಟ. "ನೀವು ಕೇಳಿದ್ದೇ ದೊಡ್ಡದು, ಯಾರೂ ಕೇಳಲ್ಲ" ಎಂದು ಅವರು ನಕ್ಕಾಗ ನನಗೆ ಹೆಮ್ಮೆಯಾಗಬೇಕಿತ್ತು. ಆಗಲಿಲ್ಲ. ಮನೆಗೆ ಹೋಗಿ ಮೈದುನನಿಗೆ ಹೇಳಬೇಕಲ್ಲ ಎಂದು ಹೊಟ್ಟೆ ಕಿವುಚಿತು.

ಅವನು ಕೇಳಿದ್ದರಲ್ಲಿ ನ್ಯಾಯವಿಲ್ಲದೆ ಇರಲಿಲ್ಲ. "ಅತ್ತಿಗೆ, ನೀಲಿ ಹೊಗೆ ಬಿಡೋ ಇಂಜಿನ್ನು ಕಾನೂನಿಗೆ ಸರಿ, ಹೊಗೆ ಬಿಡದೇ ಇರೋದು ತಪ್ಪು. ಇದೆಂಥಾ ಕಾನೂನು? ಕಂಪನಿಯೋರು ಮಾಡಿದ್ರೆ ಸರಿ, ನಾವು ಮಾಡಿದ್ರೆ ತಪ್ಪು."

ಕಂಪನಿಯವರ ಮಾತು ನಿಜವೇ. ಜೀಪಿನ ಚರಿತ್ರೆಯನ್ನೇ ನೋಡಿ. ಮಹೀಂದ್ರಾದವರು ಸ್ವಾತಂತ್ರ್ಯ ಬಂದ ಹೊಸತರಲ್ಲಿ ಜೋಡಿಸತೊಡಗಿದ್ದು ಅಮೆರಿಕದ ವಿಲ್ಲೀಸ್ ಜೀಪನ್ನು, ಪೆಟ್ರೋಲ್ ಇಂಜಿನ್ನಿನೊಂದಿಗೆ. 1980ರ ದಶಕದಲ್ಲಿ ಅದೇ ಮೈಕಟ್ಟಿಗೆ ಫ್ರಾನ್ಸಿನ ಪೆಜೋ ಕಂಪನಿಯ ಡೀಸೆಲ್ ಇಂಜಿನ್ ಬಂತು. ತಯಾರಾಗುತ್ತಿದ್ದದ್ದು ಮಹಾರಾಷ್ಟ್ರದ ಇಗತ್‌ಪುರಿಯಲ್ಲಿ. ಮಾವನವರು ಇಪ್ಪತ್ತರವರೆಗೆ ಎಣಿಸಿ ಎಬ್ಬಿಸುತ್ತಿದ್ದದ್ದು ಆ ವಂಶದ್ದನ್ನೇ. ಅಮೆರಿಕದ ಮೈ, ಫ್ರಾನ್ಸಿನ ಎದೆ, ಮುಂದೆ ಕಟ್ಟಿದ ನಿಂಬೆಹಣ್ಣು ಯಲಹಂಕ ಸಂತೆಯದು. ಅಂಬಾಸಿಡರ್ ಕಾರಿಗೂ 1990ರ ದಶಕದ ಆರಂಭದಲ್ಲಿ ಜಪಾನಿನ ಇಸುಜು ಇಂಜಿನ್ ಕೂಡಿಸಿದರು. ಮೈ ಅದೇ ಅಜ್ಜಿಯ ಮೈ, ಓಟ ಮೊಮ್ಮಗಳದು. ನಾನು 'ಮೂಲದ್ದು' ಎಂದು ಕಾಯಲು ಹೊರಟದ್ದೇ ಮೂಲದಲ್ಲಿ ಬೆರಕೆ.

ಮಕ್ಕಳನ್ನು ಪ್ರವಾಸಕ್ಕೆಂದು ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದಾಗಲೆಲ್ಲ ಅಂಗಳದಲ್ಲಿ ನಿಲ್ಲಿಸಿರುವ ಮಾರುತ್ ವಿಮಾನದ ಮುಂದೆ ಹಾಜರಿ ತೆಗೆದುಕೊಂಡಿದ್ದೇನೆ. ಅದರ ಕಥೆ ಗೊತ್ತಾದದ್ದು ತಡವಾಗಿ. ನಮ್ಮ ಎಚ್.ಎ.ಎಲ್.ನಲ್ಲಿ ಕುರ್ಟ್ ಟ್ಯಾಂಕ್ ಎಂಬ ಜರ್ಮನ್ ತಜ್ಞರ ಕೈಕೆಳಗೆ ರೂಪುಗೊಂಡು 1961ರ ಜೂನ್‌ನಲ್ಲಿ ಮೊದಲು ಹಾರಿತು. ಶಬ್ದದ ಎರಡು ಪಟ್ಟು ವೇಗಕ್ಕೆಂದು ಮೈ ಕಟ್ಟಿದ್ದರು, ಅದಕ್ಕೆ ತಕ್ಕ ಇಂಜಿನ್ ಮಾತ್ರ ಸಿಗಲೇ ಇಲ್ಲ. ಸಿಕ್ಕ ಆರ್ಫಿಯಸ್ ಇಂಜಿನ್ ಎರಡನ್ನು ಕೂಡಿಸಿ ಹಾರಿಸಿದರು. ಈಜಿಪ್ಟಿನಲ್ಲಿ ತಯಾರಾಗುತ್ತಿದ್ದ ಇಂಜಿನ್ನನ್ನೂ ಪ್ರಯೋಗಿಸಿ ನೋಡಿದರು, ಅದೂ ಕೈಗೂಡಲಿಲ್ಲ. 1971ರ ಯುದ್ಧದಲ್ಲಿ ದುಡಿದು 1990ರ ಹೊತ್ತಿಗೆ ನಿವೃತ್ತಿಯಾಯಿತು. ಒಳ್ಳೆಯ ಮೈಗೆ ತಕ್ಕ ಶಕ್ತಿ ಸಿಗದೆ ಹೋಗುವುದು ಎಂಥ ಸಂಕಟ! ಹಾಗಾದರೆ ಚೆನ್ನಾಗಿರುವ ಛಾಸಿಗೆ ಒಳ್ಳೆಯ ಇಂಜಿನ್ ಕೂಡಿಸಬೇಡ ಎನ್ನಲು ನಾನು ಯಾರು?

ರಾತ್ರಿ ನಿದ್ದೆ ಬಾರದೆ ಬಿ.ಎ. ಕಾಲದ ಓದನ್ನೆಲ್ಲ ತಿರುವಿ ಹಾಕಿದೆ. ಮಿಲಿಂದ ರಾಜನಿಗೆ ಬೌದ್ಧ ಭಿಕ್ಷು ನಾಗಸೇನ ಕೇಳುತ್ತಾನೆ: ನೀನು ಬಂದದ್ದು ರಥದಲ್ಲಿ ತಾನೆ, ಆ ರಥ ಯಾವುದು, ಅಚ್ಚೋ, ಚಕ್ರವೋ, ನೊಗವೋ? ಯಾವುದೂ ಅಲ್ಲ, ಇವೆಲ್ಲ ಕೂಡಿದಾಗ ಇಟ್ಟುಕೊಂಡ ಹೆಸರು ಅಷ್ಟೇ. ಕೇಳಲು ಹಿತವಾಗಿದೆ. ಆದರೆ ಮಿಲಿಂದನ ರಥಕ್ಕೆ ಆರ್.ಸಿ. ಬುಕ್ ಇರಲಿಲ್ಲ. ಗಿರೀಶ ಕಾರ್ನಾಡರ 'ಹಯವದನ' ನೆನಪಾಯಿತು. ದೇವದತ್ತನ ತಲೆ ಕಪಿಲನ ಮೈಗೆ, ಕಪಿಲನ ತಲೆ ದೇವದತ್ತನ ಮೈಗೆ ಅದಲು ಬದಲಾಗಿ, ಇವರಲ್ಲಿ ಪದ್ಮಿನಿಯ ಗಂಡ ಯಾರು ಎಂಬ ಪ್ರಶ್ನೆ. ತಲೆಯೇ ಮುಖ್ಯ ಎಂದು ತೀರ್ಪಾಗುತ್ತದೆ. ಆದರೆ ದಿನ ಕಳೆದಂತೆ ಮೈ ತಲೆಯ ಮಾತು ಕೇಳುತ್ತಾ ಹಳೆಯದನ್ನು ಮರೆಯುತ್ತದೆ. ಗಟ್ಟಿಮುಟ್ಟಾಗಿದ್ದದ್ದು ಮೆತ್ತಗಾಗುತ್ತದೆ, ಮೆತ್ತಗಿದ್ದದ್ದು ಗಟ್ಟಿಯಾಗುತ್ತದೆ. ಗಾಡಿಗೆ ತಲೆ ಯಾವುದು? ಕಾಗದದ ಪ್ರಕಾರ ಛಾಸಿ. ನಮ್ಮ ಮಾವನವರ ಪ್ರಕಾರವಾದರೆ ಖಂಡಿತ ಇಂಜಿನ್ನು.

ಇಷ್ಟೆಲ್ಲ ಯೋಚಿಸಿದರೂ ಬಗೆಹರಿಯದ್ದು, ಬೀರುವಿನಲ್ಲಿ ಪೆನ್ಷನ್ ಕಾಗದ ಹುಡುಕುವಾಗ ಕೈಗೆ ಸಿಕ್ಕ ಒಂದು ಅಫಿಡವಿಟ್ಟಿನಿಂದ ಸ್ವಲ್ಪ ತಿಳಿಯಾಯಿತು. ನಿಮ್ಮಲ್ಲಿ ಬಹಳ ಜನ ಮಾಡಿಸಿರುತ್ತೀರಿ. ನನ್ನ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ತಂದೆಯ ಇನಿಷಿಯಲ್ಲು, ಸೇವಾ ಪುಸ್ತಕದಲ್ಲಿ ಗಂಡನದು. ಇಬ್ಬರೂ ಒಬ್ಬಳೇ ಎಂದು ಸ್ಟಾಂಪ್ ಕಾಗದದ ಮೇಲೆ ನೋಟರಿಯ ಮುಂದೆ ಪ್ರಮಾಣ ಮಾಡಿದ್ದೆ. ನಾನೇ ನಾನು ಎಂದು ಗಂಡಸರು ಯಾರೂ ಪ್ರಮಾಣ ಮಾಡಿದ್ದನ್ನು ನಾನು ಕಂಡಿಲ್ಲ! ನಿಜ ಹೇಳಬೇಕೆಂದರೆ ಆ ಪ್ರಮಾಣದಲ್ಲೂ ಅರ್ಧ ಸುಳ್ಳಿದೆ. ತುಮಕೂರಿನ ಕಡೆಯಿಂದ ಬಂದ ಆ ಹುಡುಗಿಗೂ ನನಗೂ ಸಾರಿನ ಹುಳಿಯಿಂದ ಹಿಡಿದು ಮನೆದೇವರವರೆಗೆ ಯಾವುದೂ ಒಂದೇ ಅಲ್ಲ. ಒಳಗಿನ ಇಂಜಿನ್ನು ಎಷ್ಟು ಸಲ ಇಳಿಸಿ ಏರಿಸಿದ್ದೋ! ಆದರೂ ಆ ಕಾಗದದಲ್ಲಿ ಒಂದು ಮರ್ಯಾದೆ ಇದೆ. ಅದು ಎರಡು ಹೆಸರನ್ನೂ ಹೇಳುತ್ತದೆ. ಮೊದಲಿನದನ್ನು ಉಜ್ಜಿ ಹಾಕಿ, ಇವಳು ಹುಟ್ಟಿದಾಗಿನಿಂದ ಹೀಗೇ ಇದ್ದಳು ಎನ್ನುವುದಿಲ್ಲ. ಬದಲಾವಣೆ ತಪ್ಪಲ್ಲ. ಬದಲಾಗಿಯೇ ಇಲ್ಲ ಎಂದು ಪಂಚ್ ಹೊಡೆಯುವುದು ನನಗೆ ಸಹಿಸದು.

ಇನ್ನೂ ಒಂದು ಮಾತಿತ್ತು. ಅದನ್ನು ಯೋಚಿಸಿದ ಮೇಲೆ ಇದು ಬರೀ ನನ್ನ ಮನಸ್ಸಿನ ಮಡಿಯಲ್ಲ ಎನಿಸಿತು. ಆ ನಂಬರು ಅಲ್ಲಿ ಯಾಕಿದೆ? ಕಳುವಾದ ಗಾಡಿಯನ್ನು ಬಿಚ್ಚಿ ಮಾರುವವರಿಗೆ ಅಡ್ಡಿ ಇರುವುದು ಆ ನಾಲ್ಕಾರು ಅಕ್ಷರ ಮಾತ್ರ. ಇವತ್ತು ನಮಗೆ ನಂಬರ್ ಉಜ್ಜಿ ಕೊಡುವವನು ನಾಳೆ ಕದ್ದ ಗಾಡಿಯದನ್ನೂ ಉಜ್ಜುತ್ತಾನೆ. ನಮ್ಮಂಥವರು ಗಿರಾಕಿಗಳು ಇದ್ದಾರೆಂದೇ ಅವನ ಅಂಗಡಿ ನಡೆಯುವುದು. ಎಲ್ಲೋ ಒಬ್ಬ ಬೆಳಿಗ್ಗೆ ಎದ್ದು ನೋಡಿದಾಗ ಅಂಗಳದಲ್ಲಿ ಗಾಡಿ ಇರುವುದಿಲ್ಲ. ಅವನಿಗೂ ಒಬ್ಬ ಅತ್ತಿಗೆ ಇದ್ದಾಳು. ಈ ಇಂಜಿನ್ನಿನ ಬಿಲ್ಲು ತೋರಿಸಪ್ಪ ಎಂದು ಮಾರುವವನನ್ನು ಕೇಳಿದ್ದಕ್ಕೆ, "ಗುಜರಿಗೆ ಯಾವ ಬಿಲ್ಲು ಮೇಡಂ" ಎಂದಿದ್ದ. ಗುದ್ದಿಸಿಕೊಂಡ ಗಾಡಿಯ ಡ್ರೈವರ್ ಏನಾದ ಎಂದದ್ದಕ್ಕೂ ಉತ್ತರವಿರಲಿಲ್ಲ.

ಇದನ್ನೆಲ್ಲ ಮೈದುನನಿಗೆ ನನಗೆ ತಿಳಿದಂತೆ ಹೇಳಿ, ನಾನು ಒಪ್ಪುವುದಿಲ್ಲ, ಗಾಡಿ ನನ್ನ ಹೆಸರಿನಲ್ಲಿದೆ ಎಂದೆ. ಆ ಕೊನೆಯ ಮಾತು ಆಡಬಾರದಿತ್ತು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅತ್ತಿಗೆ, ನಿಮಗೆ ಒಂದನೇ ತಾರೀಕು ಸಂಬಳ ಬರುತ್ತೆ. ನನಗೆ ಗಾಡಿ ಓಡಿದ್ರೆ ಮಾತ್ರ" ಎಂದು ಎದ್ದು ಹೋದ.

ಆ ಮಾತಿಗೆ ಇವತ್ತಿಗೂ ನನ್ನಲ್ಲಿ ಉತ್ತರವಿಲ್ಲ. ಮೂವತ್ತು ವರ್ಷ ತರಗತಿಯಲ್ಲಿ ನಿಂತು ಸತ್ಯದ ಪಾಠ ಮಾಡಿದ್ದೇನೆ. ಅದಕ್ಕೆ ನಾನು ತೆತ್ತದ್ದು ಏನು? ಸೀಮೆಸುಣ್ಣ. ಈಗ ಮೊದಲ ಬಾರಿಗೆ ಸತ್ಯಕ್ಕೆ ಬೆಲೆ ಕಟ್ಟುವ ಹೊತ್ತು ಬಂದಾಗ ಬಿಲ್ಲು ಹೋದದ್ದು ಅವನ ಮನೆಗೆ. ಅವನ ಹೆಂಡತಿ ಹಾಲಿನ ಲೆಕ್ಕ ಕಡಿಮೆ ಮಾಡಿದಳು ಎಂದು ಅತ್ತೆ ಹೇಳಿದರು, ನನ್ನ ಕಡೆ ನೋಡದೆ. ನನ್ನ ಶುದ್ಧ ಕೈ ಇನ್ನೊಬ್ಬರ ಕೊಳಗದಿಂದ ನೀರು ತೆಗೆದು ತೊಳೆದುಕೊಂಡದ್ದು ಎನಿಸಿತು. ಹಾಗೆಂದು ಪಂಚ್ ಹೊಡೆಸು ಎನ್ನಲು ನಾಲಿಗೆ ಹೊರಳಲಿಲ್ಲ. ಎರಡೂ ನಿಜ.

ಗೌರಿ ಹಬ್ಬಕ್ಕೆ ಅವರು ಯಾರೂ ಬರಲಿಲ್ಲ. ಹಬ್ಬ ಕಳೆದ ಮೇಲೆ ನಾನೇ ಚೀಟಿ ಎತ್ತಿದೆ. ಕೂಗಿನಲ್ಲಿ ಕಳೆದುಕೊಂಡದ್ದು ಹೋಗಿ ತೊಂಬತ್ತು ಸಾವಿರ ಬಂತು. ಗ್ಯಾರೇಜಿನ ಮೇಸ್ತ್ರಿಗೆ ಕೊಟ್ಟು, "ಹಳೇ ಇಂಜಿನ್ನನ್ನೇ ಪೂರ್ತಿ ಮಾಡಿಕೊಡಿ" ಎಂದೆ. ಅವರು ಚೈನ್ ಪುಲ್ಲಿಯಲ್ಲಿ ಇಂಜಿನ್ ಎತ್ತಿ ಇಳಿಸುವಾಗ ನಾನು ಅಲ್ಲೇ ಸ್ಟೂಲಿನ ಮೇಲೆ ಕುಳಿತಿದ್ದೆ. ಬಿಚ್ಚುತ್ತಾ ಹೋದರು. ಪಿಸ್ಟನ್ನು ಹೊಸದು, ರಿಂಗು ಹೊಸದು, ಲೈನರ್ ಹೊಸದು, ಬೇರಿಂಗ್ ಹೊಸದು, ವಾಲ್ವು ಹೊಸದು. ಕ್ರ್ಯಾಂಕನ್ನು ಲೇತಿನವರಲ್ಲಿ ಅರೆಸಿದ್ದಾಯಿತು. ಪಂಪು ಬಿಚ್ಚಿ ಕೂಡಿಸಿದ್ದಾಯಿತು. ಕೊನೆಗೆ ಹಳೆಯದೆಂದು ಉಳಿದದ್ದು ಒಂದು ಕಬ್ಬಿಣದ ದಿಮ್ಮಿ, ಅದರ ಪಕ್ಕದಲ್ಲಿ ಮಾಸಿದ ನಂಬರು. ಒಳಗೆಲ್ಲ ಹೊಸದು, ಆದರೂ ಕಾನೂನಿಗೆ ಅದೇ ಇಂಜಿನ್ನು. ನಾಗಸೇನ ಇದ್ದಿದ್ದರೆ ನಗುತ್ತಿದ್ದ. ಮೇಸ್ತ್ರಿಯೂ ನಕ್ಕರು, "ಅಮ್ಮಾ, ಹೊಸಾ ಇಂಜಿನ್ ಹಾಕ್ದಂಗೇ ಆಯ್ತಲ್ಲ" ಎಂದು. ಸವೆದ ಪಿಸ್ಟನ್ನುಗಳನ್ನು ಗುಜರಿಯವನು ತೂಕಕ್ಕೆ ಒಯ್ದ. ಒಂದನ್ನು ನಾನು ತಂದಿಟ್ಟುಕೊಂಡೆ. ಈಗ ಮೇಜಿನ ಮೇಲೆ ಉತ್ತರ ಪತ್ರಿಕೆಗಳು ಹಾರದಂತೆ ಕೂತಿದೆ.

ಹೊಗೆ ನಿಂತಿತು, ಪೂರ್ತಿ ಅಲ್ಲ; ಚೀಟಿ ಸಿಗುವಷ್ಟು. ಎಫ್.ಸಿ. ಆಯಿತು. ಆದರೆ ಹೊಸ ಇಂಜಿನ್ನಿನ ಎಳೆತ ಇದಕ್ಕೆ ಎಲ್ಲಿಂದ ಬರಬೇಕು? ರಾತ್ರಿ ಬೇಗ ಮುಟ್ಟಿಸಬೇಕಿದ್ದ ಹೂವಿನ ವ್ಯಾಪಾರಿ ಬೇರೆ ಗಾಡಿ ಗೊತ್ತು ಮಾಡಿಕೊಂಡಿದ್ದ, ಅವನು ಮರಳಿ ಬರಲಿಲ್ಲ. ತರಕಾರಿ ಬಾಡಿಗೆ ಉಳಿದಿದೆ. ಮೈದುನ ಗಾಡಿ ಒಯ್ದ. ಥ್ಯಾಂಕ್ಸ್ ಎನ್ನಲಿಲ್ಲ, ಅನ್ನಬೇಕಾಗಿಯೂ ಇರಲಿಲ್ಲ.

ಆಯುಧ ಪೂಜೆಯ ದಿನ ಬೆಳಿಗ್ಗೆ ಅಂಗಳದಲ್ಲಿ ಗಾಡಿ ಬಂದು ನಿಂತಿತು. ತೊಳೆದು, ಬಾಳೆಕಂದು ಕಟ್ಟಿ, ಚೆಂಡು ಹೂವಿನ ಹಾರ ಹಾಕಿದ್ದ. ಪ್ರತಿ ವರ್ಷದ ಹಾಗೆ ನಾನು ತಟ್ಟೆ ಹಿಡಿದುಕೊಂಡು ಬಂದೆ. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಟ್ಟೆ. ಬಾನೆಟ್ಟಿಗೆ ಕುಂಕುಮ ಇಡಲು ಹೋದಾಗ ಅವನು, "ಅಲ್ಲಲ್ಲ, ತಾಳಿ" ಎಂದು ಬಾನೆಟ್ ಎತ್ತಿ ಕೋಲು ಕೊಟ್ಟ. ಬಟ್ಟೆಯಿಂದ ಇಂಜಿನ್ನಿನ ಪಕ್ಕವನ್ನು ಒರೆಸಿ ತೋರಿಸಿದ.

"ನಂಬರಿನ ಮೇಲೆ ಇಡಿ ಅತ್ತಿಗೆ. ಅದೇ ತಾನೆ ನಿಮ್ಮ ದೇವರು."

ಅತ್ತೆ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಅಡ್ಡ ಹಿಡಿದರು. ಅವನು ನಗುತ್ತಿದ್ದನೋ ಇಲ್ಲವೋ ಬಾನೆಟ್ಟಿನ ಮರೆಯಲ್ಲಿ ಕಾಣಲಿಲ್ಲ. ನಾನು ಬಗ್ಗಿ ಕೈ ಒಳಗೆ ಹಾಕಿ, ತಡವಿ, ನಂಬರಿನ ಮೇಲೆಯೇ ಅರಿಶಿನ ಕುಂಕುಮ ಇಟ್ಟೆ. ಕೈಯೆಲ್ಲ ಗ್ರೀಸಾಯಿತು. ಅವನು ಹತ್ತಿ ಕುಳಿತು ಕೀಲಿ ಅರ್ಧ ತಿರುಗಿಸಿ ಎಣಿಸತೊಡಗಿದ.